ವಿಧಿಲಿಙ್: ಹಾವೇರಿ ಸೀಮೆಯ ದಾನಶಾಸನಗಳ ಕ್ರಿಯಾಪದ

ವಿಧಿಲಿಙ್ ಎಂಬುದು ಸಂಸ್ಕೃತ ಕ್ರಿಯಾಪದದ ಒಂದು ರೂಪವರ್ಗ. ಪಾಣಿನಿಯ ವ್ಯಾಕರಣದಲ್ಲಿ ಧಾತುವಿಗೆ ಹತ್ತುವ ಲಟ್, ಲಿಟ್, ಲುಟ್, ಲೃಟ್, ಲೇಟ್, ಲೋಟ್, ಲಙ್, ಲಿಙ್, ಲುಙ್, ಲೃಙ್ ಎಂಬ ಹತ್ತು ಲಕಾರಗಳಲ್ಲಿ ಲಿಙ್ ಒಂದು. ಅದಕ್ಕೆ ಎರಡು ಕವಲುಗಳಿವೆ. ಮಾಡಬೇಕು, ಮಾಡಬಹುದು, ಮಾಡಿಯಾನು ಎಂಬ ಅರ್ಥಗಳಲ್ಲಿ ಬರುವುದು ವಿಧಿಲಿಙ್. ಒಳ್ಳೆಯದಾಗಲಿ ಎಂದು ಹಾರೈಸುವಲ್ಲಿ ಬರುವುದು ಆಶೀರ್ಲಿಙ್. ‘ಭವೇತ್’ ಮೊದಲನೆಯದರ ಮಾದರಿ, ‘ಭೂಯಾತ್’ ಎರಡನೆಯದರ ಮಾದರಿ. ಲೇಟ್ ವೇದದಲ್ಲಿ ಮಾತ್ರ ಬಳಕೆಯಲ್ಲಿದ್ದು ಮುಂದೆ ಲೋಪವಾದಾಗ, ಅದು ಹೊರುತ್ತಿದ್ದ ಅರ್ಥದ ಬಹುಪಾಲು ಲಿಙ್ ಮತ್ತು ಆಜ್ಞಾರ್ಥದ ಲೋಟ್‌ಗಳ ಪಾಲಿಗೆ ಬಂತು. ಹೀಗಾಗಿ ಧರ್ಮಶಾಸ್ತ್ರ, ಆಯುರ್ವೇದ, ಶಿಲ್ಪಶಾಸ್ತ್ರಗಳಲ್ಲಿ ಯಾವ ಪುಟ ತೆರೆದರೂ ವಿಧಿಲಿಙ್ ಕಾಣಸಿಗುತ್ತದೆ.

ಕರ್ನಾಟಕದಲ್ಲಿ ಈ ರೂಪ ಗ್ರಂಥಗಳಲ್ಲಷ್ಟೇ ಅಲ್ಲ, ಕಲ್ಲಿನ ಮೇಲೂ ಉಳಿದಿದೆ. ಹಾವೇರಿ ಬಳಿಯ ಅಗಡಿ ಎಂಬ ಊರಿನ ಆಸುಪಾಸಿನ ನೆಲ, ಅಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ಲು, ಬಂಕಾಪುರಗಳ ಸೀಮೆ, ದಾನಶಾಸನಗಳಿಂದ ತುಂಬಿದ ನೆಲ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯ ಬಳಿ ಎತ್ತರದ ಶಾಸನಗಲ್ಲುಗಳು ನಿಂತಿವೆ. ವರದೆಯೂ ತುಂಗಭದ್ರೆಯೂ ಕೂಡುವ ಗಳಗನಾಥದಲ್ಲಿ ಗಳಗೇಶ್ವರ, ಹಾವೇರಿಯಲ್ಲಿ ಸಿದ್ಧೇಶ್ವರ, ಹಾನಗಲ್ಲಿನಲ್ಲಿ ತಾರಕೇಶ್ವರ, ಬಂಕಾಪುರದಲ್ಲಿ ನಗರೇಶ್ವರ ಗುಡಿಗಳಿವೆ. ಕಲ್ಯಾಣದ ಚಾಲುಕ್ಯರು, ಹಾನಗಲ್ಲಿನ ಕದಂಬರು, ಗುತ್ತಲದ ಗುತ್ತರು ಈ ಭಾಗದಲ್ಲಿ ಭೂಮಿಯನ್ನೂ ತೆರಿಗೆಯನ್ನೂ ದೇವರಿಗೆ, ಮಠಕ್ಕೆ, ಅಗ್ರಹಾರಕ್ಕೆ ಬಿಟ್ಟುಕೊಟ್ಟರು. ಅಂಥ ಶಾಸನಗಳ ಒಡಲು ಕನ್ನಡದ್ದು. ತಲೆಯಲ್ಲಿ ಒಂದು ಸಂಸ್ಕೃತ ಸ್ತುತಿ, ಕೊನೆಯಲ್ಲಿ ಒಂದೆರಡು ಸಂಸ್ಕೃತ ಶ್ಲೋಕಗಳಿರುವುದು ವಾಡಿಕೆ. ಕೊನೆಯ ಭಾಗವನ್ನು ಶಾಸನತಜ್ಞರು ಶಾಪಾಶಯವೆಂದು ಕರೆಯುತ್ತಾರೆ. ವಿಧಿಲಿಙ್‌ನ ಅರ್ಥವನ್ನು ಹತ್ತಿರದಿಂದ ನೋಡಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ರೂಪಸಿದ್ಧಿ

ಲಿಙ್‌ಗೆ ಗುರುತು ಕೊಡುವುದು ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಬರುವ ಒಂದು ಆಗಮ. ಪರಸ್ಮೈಪದದಲ್ಲಿ ಅದು ಯಾಸುಟ್, ಆತ್ಮನೇಪದದಲ್ಲಿ ಸೀಯುಟ್. ವಿಧಿಲಿಙ್‌ನಲ್ಲಿ ಇವುಗಳ ಸಕಾರ ಬಿದ್ದುಹೋಗುತ್ತದೆ. ಧಾತುವಿನ ಅಂಗ ಅಕಾರದಲ್ಲಿ ಕೊನೆಗೊಂಡಿದ್ದರೆ ‘ಯಾ’ ಎಂಬುದು ‘ಇಯ್’ ಆಗಿ, ವ್ಯಂಜನದ ಮುಂದೆ ಯಕಾರವೂ ಲೋಪವಾಗಿ, ಉಳಿದ ಇಕಾರ ಹಿಂದಿನ ಅಕಾರದೊಡನೆ ಸೇರಿ ಏಕಾರವಾಗುತ್ತದೆ. ಭವ, ಇಯ್, ತ್ ಸೇರಿ ‘ಭವೇತ್’ ಆಗುವ ದಾರಿ ಇದು. ಸಂಸ್ಕೃತ ಪಾಠಶಾಲೆಯ ಮಕ್ಕಳು ಕಂಠಪಾಠ ಮಾಡುವ ರೂಪಾವಳಿ ಹೀಗಿದೆ: ಪ್ರಥಮಪುರುಷ ಭವೇತ್, ಭವೇತಾಮ್, ಭವೇಯುಃ, ಮಧ್ಯಮಪುರುಷ ಭವೇಃ, ಭವೇತಮ್, ಭವೇತ, ಉತ್ತಮಪುರುಷ ಭವೇಯಮ್, ಭವೇವ, ಭವೇಮ.

ಅಂಗ ಅಕಾರಾಂತವಾಗಿರದ ಧಾತುಗಳಲ್ಲಿ ‘ಯಾ’ ಹಾಗೆಯೇ ಉಳಿಯುತ್ತದೆ: ಕುರ್ಯಾತ್, ದದ್ಯಾತ್, ಬ್ರೂಯಾತ್, ಹನ್ಯಾತ್, ಸ್ಯಾತ್. ಆತ್ಮನೇಪದದಲ್ಲಿ ಇಂಥ ಕಡೆ ಈಕಾರ ಕೇಳುತ್ತದೆ: ಕುರ್ವೀತ, ದದೀತ, ಭುಂಜೀತ. ಕಿವಿಗೆ ಬೀಳುವ ಈ ‘ಏ’, ‘ಯಾ’, ‘ಈ’ ಮೂರೂ ಮೂಲದಲ್ಲಿ ಒಂದೇ ಪ್ರತ್ಯಯದ ಮುಖಗಳು. ಸಂಸ್ಕೃತದ ಸೋದರ ಭಾಷೆಗಳಲ್ಲೂ ಅದರ ಕುರುಹಿದೆ: ಭೃ ಧಾತುವಿನ ‘ಭರೇತ್’ ಗ್ರೀಕಿನಲ್ಲಿ ‘ಫೆರೊಯ್’, ‘ಸ್ಯಾತ್’ ಹಳೆಯ ಲ್ಯಾಟಿನ್ನಿನಲ್ಲಿ ‘ಸಿಯೆತ್’.

ಆಶೀರ್ಲಿಙ್‌ನ ಸ್ವಭಾವ ಬೇರೆ. ಅದು ಆರ್ಧಧಾತುಕವಾದ್ದರಿಂದ, ಧಾತುವಿಗೂ ಪ್ರತ್ಯಯಕ್ಕೂ ನಡುವೆ ಬರುವ ಶಪ್ ಮುಂತಾದ ವಿಕರಣಗಳು ಅದರಲ್ಲಿ ಬರುವುದಿಲ್ಲ. ಧಾತುವಿಗೆ ನೇರವಾಗಿ ಆಗಮ ಸೇರುತ್ತದೆ. ಭೂಯಾತ್, ಭೂಯಾಸ್ತಾಮ್, ಭೂಯಾಸುಃ ಎಂಬಲ್ಲಿ ಸಕಾರ ಕೆಲವೆಡೆ ಉಳಿದೂ ಇದೆ. ಹೃ ಧಾತುವಿಗೆ ವಿಧಿಯಲ್ಲಿ ‘ಹರೇತ್’ ಮತ್ತು ‘ಹರೇತ’, ಆಶೀರ್ಲಿಙ್‌ನಲ್ಲಿ ‘ಹ್ರಿಯಾತ್’ ಮತ್ತು ‘ಹೃಷೀಷ್ಟ’. ಒಂದೇ ಲಕಾರದ ಎರಡು ಕವಲುಗಳಾದರೂ ಓದುಗ ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವ ಕಡಿಮೆ. ಕೆಳಗಿನ ಚರ್ಚೆಗೆ ಈ ಸಂಗತಿ ಬೇಕಾಗುತ್ತದೆ.

ಅರ್ಥಗಳು

ಪಾಣಿನಿ ಲಿಙ್‌ಗೆ ಆರು ಅರ್ಥಗಳನ್ನು ಒಟ್ಟಿಗೆ ಹೇಳುತ್ತಾನೆ: ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ. ವಿಧಿಯೆಂದರೆ ಕೈಕೆಳಗಿನವರಿಗೆ ಕೊಡುವ ಆಜ್ಞೆ. ನಿಮಂತ್ರಣವನ್ನು ತಿರಸ್ಕರಿಸುವಂತಿಲ್ಲ, ಶ್ರಾದ್ಧದ ಊಟಕ್ಕೆ ಮಗಳ ಮಗನನ್ನು ಕರೆದಂತೆ. ಆಮಂತ್ರಣದಲ್ಲಿ ಬರುವುದೂ ಬಿಡುವುದೂ ಕರೆಸಿಕೊಂಡವರ ಇಷ್ಟ. ಅಧೀಷ್ಟವೆಂದರೆ ಗೌರವಪೂರ್ವಕವಾದ ಕೋರಿಕೆ. ಗುರುಗಳ ಬಳಿ ಹೋಗಿ ನಮ್ಮ ಹುಡುಗನಿಗೆ ಪಾಠ ಹೇಳಬೇಕು ಎಂದು ಕೇಳುವ ಬಗೆ. ಸಂಪ್ರಶ್ನವೆಂದರೆ ತನ್ನೊಳಗೋ ಹಿರಿಯರೊಡನೆಯೋ ನಡೆಸುವ ವಿಚಾರ: ‘ಕಿಂ ನಗರಂ ಗಚ್ಛೇಯಮ್, ಉತ ಗ್ರಾಮೇ ವಸೇಯಮ್?’ ಪಟ್ಟಣಕ್ಕೆ ಹೋಗಲೋ, ಊರಲ್ಲೇ ಇರಲೋ? ಒಂದೇ ರೂಪ ಆಜ್ಞೆಯಿಂದ ಬೇಡಿಕೆಯವರೆಗೆ ಇಳಿದು ಬರುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅರ್ಥವನ್ನು ನಿರ್ಧರಿಸುತ್ತದೆ. ಇದೇ ಆರು ಅರ್ಥಗಳಲ್ಲಿ ಲೋಟ್ ಕೂಡ ಬರಬಹುದೆಂದು ಪಾಣಿನಿ ಮುಂದಿನ ಸೂತ್ರದಲ್ಲೇ ಹೇಳಿದ್ದಾನೆ.

ಶಕ್ತಿ, ಯೋಗ್ಯತೆ, ಸಂಭಾವನೆಗಳಿಗೂ ಲಿಙ್ ಸಲ್ಲುತ್ತದೆ. ಶಾಸನಗಳನ್ನು ಓದುವವರಿಗೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಯೋಗ ಇನ್ನೊಂದಿದೆ: ಹೇತು ಮತ್ತು ಫಲ. ಮುಂದೆ ಆಗಬಹುದಾದ ಒಂದು ಕ್ರಿಯೆ ಇನ್ನೊಂದಕ್ಕೆ ಕಾರಣವಾದಾಗ ಎರಡೂ ಕ್ರಿಯಾಪದಗಳು ಲಿಙ್‌ನಲ್ಲಿ ಬರಬಹುದು: ‘ವೃಷ್ಟಿಃ ಭವೇತ್ ಚೇತ್ ಕೃಷಿಃ ವರ್ಧೇತ.’ ಹಾವೇರಿಯ ರೈತನ ಬಾಯಲ್ಲಿ ಇದು ‘ಮಳಿ ಆದ್ರ ಬೆಳಿ ಬಂದೀತು’ ಎಂದಾಗುತ್ತದೆ. ಕನ್ನಡದ ಸಂಭಾವನಾರ್ಥದ ‘ಬಂದೀತು’, ‘ಮಾಡಿಯಾನು’ಗಳು ಈ ಒಂದು ಅರ್ಥದಲ್ಲಿ ವಿಧಿಲಿಙ್‌ಗೆ ಹತ್ತಿರದ ನಂಟರು. ವಿಧಿಯ ಅರ್ಥಕ್ಕೆ ಕನ್ನಡ ‘ಬೇಕು’, ‘ತಕ್ಕದ್ದು’ಗಳನ್ನು ಬಳಸುತ್ತದೆ, ಅರ್ಜಿಯನ್ನು ‘ಸಲ್ಲಿಸತಕ್ಕದ್ದು’ ಎನ್ನುವ ಸರಕಾರಿ ಆದೇಶದ ಭಾಷೆ ಸ್ಮೃತಿಗಳ ‘ಕುರ್ಯಾತ್’ನ ಗತ್ತನ್ನೇ ಉಳಿಸಿಕೊಂಡಿದೆ.

ಶಾಸನದ ಬೆನ್ನಿಗಿರುವ ವಿಧಿ

ದಾನ ಕೊಟ್ಟ ಅರಸ ಅದನ್ನು ಏಕೆ ಬರೆಸಿದ? ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ರಾಜಧರ್ಮದ ಭಾಗವೊಂದಿದೆ. ಭೂಮಿಯನ್ನಾಗಲಿ ಆದಾಯವನ್ನಾಗಲಿ ಕೊಟ್ಟ ರಾಜ ಮುಂದೆ ಬರುವ ಒಳ್ಳೆಯ ಅರಸರಿಗೆ ತಿಳಿಯಲೆಂದು ಬಟ್ಟೆಯ ಮೇಲೆ ಅಥವಾ ತಾಮ್ರಪಟದ ಮೇಲೆ ಬರಹ ಮಾಡಿಸಿ ಮುದ್ರೆ ಹಾಕಿಸಬೇಕು ಎಂದು ಅಲ್ಲಿ ವಿಧಿಸಿದೆ. ಅಲ್ಲಿನ ಕ್ರಿಯಾಪದ ‘ಕಾರಯೇತ್’. ಕೃ ಧಾತುವಿಗೆ ಮಾಡಿಸು ಎಂಬರ್ಥದ ಣಿಚ್ ಸೇರಿ, ಅದರ ಮೇಲೆ ವಿಧಿಲಿಙ್ ಬಂದ ರೂಪವಿದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದವನು. ಹಾವೇರಿ ಸೀಮೆ ಆ ಅರಸನ ಆಳ್ವಿಕೆಗೆ ಸೇರಿತ್ತು. ವಿಧಿಯನ್ನು ಕಲ್ಯಾಣದಲ್ಲಿ ವಿದ್ವಾಂಸ ವಿವರಿಸುತ್ತಿದ್ದಾಗಲೇ ವರದೆಯ ದಡದಲ್ಲಿ ಕಲ್ಲುಕುಟಿಗರು ಅದನ್ನು ಪಾಲಿಸುತ್ತಿದ್ದರು.

ವಿಧಿಲಿಙ್‌ನ ಬಗ್ಗೆ ಅತಿ ಆಳವಾಗಿ ಚಿಂತಿಸಿದವರು ಮೀಮಾಂಸಕರು. ‘ಯಜೇತ’ ಎಂಬ ಒಂದು ಪದ ಮನುಷ್ಯನನ್ನು ಯಾಗಕ್ಕೆ ಎಬ್ಬಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಕುಮಾರಿಲಭಟ್ಟನ ಪಂಥ ಆ ಪದದಲ್ಲಿ ಎರಡು ಭಾವನೆಗಳನ್ನು ಗುರುತಿಸಿತು. ಹತ್ತೂ ಲಕಾರಗಳಿಗೆ ಸಮಾನವಾದ ಕ್ರಿಯಾಂಶ ಪುರುಷನ ಪ್ರಯತ್ನವನ್ನು ಹೇಳುತ್ತದೆ, ಅದು ಆರ್ಥೀ ಭಾವನೆ. ಲಿಙ್‌ಗೆ ಮಾತ್ರ ವಿಶೇಷವಾದ ಅಂಶ ಪುರುಷನನ್ನು ಪ್ರೇರಿಸುವ ಶಬ್ದದ ವ್ಯಾಪಾರವನ್ನು ಹೇಳುತ್ತದೆ, ಅದು ಶಾಬ್ದೀ ಭಾವನೆ. ಮಂಡನಮಿಶ್ರ ವಿಧಿವಿವೇಕದಲ್ಲಿ ಬೇರೊಂದು ಉತ್ತರ ಕೊಟ್ಟ: ಲಿಙ್ ಹೇಳುವುದು ಈ ಕ್ರಿಯೆ ನಿನ್ನ ಇಷ್ಟಕ್ಕೆ ಸಾಧನ ಎಂಬುದನ್ನು, ಅದು ತಿಳಿದರೆ ಪ್ರವೃತ್ತಿ ತಾನಾಗಿ ಹುಟ್ಟುತ್ತದೆ. ಪ್ರಾಭಾಕರರಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಫಲದ ಆಸೆಯನ್ನು ಬದಿಗಿಟ್ಟು, ಇದು ಮಾಡಲೇಬೇಕಾದ ಕಾರ್ಯ ಎಂಬುದನ್ನೇ ಲಿಙ್ ತಿಳಿಸುತ್ತದೆ ಎಂದರು. ಶತಮಾನಗಳ ಈ ವಾದದ ಮೂಲ ಒಂದು ಪ್ರತ್ಯಯದಲ್ಲಿದೆ.

‘ಹರೇತ’

ಶಾಪಾಶಯದ ಶ್ಲೋಕಗಳಲ್ಲಿ ಬಹಳ ಪ್ರಸಿದ್ಧವಾದದ್ದು ಭೂಮಿ ಕಸಿದವನ ಗತಿಯನ್ನು ಹೇಳುತ್ತದೆ. ತಾನು ಕೊಟ್ಟದ್ದೇ ಇರಲಿ, ಪರರು ಕೊಟ್ಟದ್ದೇ ಇರಲಿ, ದಾನದ ನೆಲವನ್ನು ಯಾವನು ಕಸಿದುಕೊಳ್ಳುವನೋ ಅವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು ಅದರ ತಾತ್ಪರ್ಯ. ಶ್ಲೋಕದಲ್ಲಿ ಎರಡು ಕ್ರಿಯಾಪದಗಳಿವೆ: ಕಸಿಯುವ ಕ್ರಿಯೆಗೆ ‘ಹರೇತ’, ಹುಟ್ಟುವ ಕ್ರಿಯೆಗೆ ‘ಜಾಯತೇ’.

‘ಹರೇತ’ದ ಸಿದ್ಧಿ ಹೀಗೆ: ಹೃ ಧಾತುವಿಗೆ ಶಪ್ ಬಂದು ಗುಣವಾಗಿ ‘ಹರ’ ಎಂಬ ಅಂಗ, ಅದಕ್ಕೆ ಸೀಯುಟ್, ಮುಂದೆ ‘ತ’ ಪ್ರತ್ಯಯ, ಸಕಾರ ಯಕಾರಗಳು ಲೋಪವಾಗಿ ‘ಈತ’ ಉಳಿದು, ಹರ ಮತ್ತು ಈತ ಸೇರಿ ‘ಹರೇತ’. ಇದೇ ಅಕ್ಷರಗಳು ಪರಸ್ಮೈಪದದ ಮಧ್ಯಮಪುರುಷ ಬಹುವಚನಕ್ಕೂ ಹೊಂದುತ್ತವೆ. ಆಗ ‘ನೀವು ಕಸಿಯಬಹುದು’ ಎಂಬ ಅರ್ಥ ಬಂದೀತು. ಶ್ಲೋಕದಲ್ಲಿ ಕರ್ತೃಪದ ‘ಯಾವನು’ ಎಂಬರ್ಥದ ಏಕವಚನವಾದ್ದರಿಂದ ಗೊಂದಲಕ್ಕೆ ಎಡೆಯಿಲ್ಲ: ಇದು ಆತ್ಮನೇಪದ, ಪ್ರಥಮಪುರುಷ, ಏಕವಚನ.

ಆತ್ಮನೇಪದ ಏಕೆ ಬಂತು ಎಂಬ ಪ್ರಶ್ನೆ ಸ್ವಾರಸ್ಯದ್ದು. ಹೃ ಉಭಯಪದಿ ಧಾತು. ಹರತಿ, ಹರತೇ ಎರಡೂ ಸಾಧು. ಕ್ರಿಯೆಯ ಫಲ ಮಾಡಿದವನಿಗೇ ಸೇರುವಲ್ಲಿ ಇಂಥ ಧಾತುಗಳಿಗೆ ಆತ್ಮನೇಪದವೆಂದು ಪಾಣಿನಿ ನಿಯಮ ಮಾಡಿದ್ದಾನೆ. ಯಾಗದ ಫಲ ಯಜಮಾನನದಾದ್ದರಿಂದ ಅವನಿಗೆ ‘ಯಜತೇ’. ದಕ್ಷಿಣೆಗಾಗಿ ನಡೆಸಿಕೊಡುವ ಋತ್ವಿಜರಿಗೆ ‘ಯಜಂತಿ’. ಅದೇ ನ್ಯಾಯದಲ್ಲಿ ನೋಡಿದರೆ ‘ಹರೇತ’ ತನಗಾಗಿ ಕಸಿದುಕೊಳ್ಳುವವನನ್ನು ಹೇಳುತ್ತದೆ, ಮುಂದಿನ ಸಾಲು ಅವನಿಗೆ ಸೇರುವ ಫಲವನ್ನು ಹೇಳುತ್ತದೆ. ಎಂಟಕ್ಷರದ ಅನುಷ್ಟುಪ್ ಪಾದದಲ್ಲಿ ‘ಹರೇತ್’ ಎಂದಿದ್ದರೆ ಒಂದಕ್ಷರ ಕಡಿಮೆಬೀಳುತ್ತಿತ್ತು ಎಂಬುದೂ ನಿಜ. ಛಂದಸ್ಸಿನ ಅಗತ್ಯವೂ ವ್ಯಾಕರಣದ ಔಚಿತ್ಯವೂ ಇಲ್ಲಿ ಒಂದಕ್ಕೊಂದು ಕೂಡಿಬಂದಿವೆ ಎನ್ನುವುದೇ ಸರಿ.

ಇನ್ನು ‘ಜಾಯತೇ’. ಜನ್ ಧಾತುವಿನ ಲಟ್ ರೂಪ, ವರ್ತಮಾನ. ಹೇತುಫಲದ ವಾಕ್ಯದಲ್ಲಿ ಎರಡನೆಯ ಕ್ರಿಯಾಪದವೂ ಲಿಙ್ ಆಗಬಹುದಿತ್ತು. ಶ್ಲೋಕಕಾರ ಕಸಿಯುವುದನ್ನು ಸಂಭಾವನೆಯಾಗಿ ಹೇಳಿದ, ಹುಳುವಾಗುವುದನ್ನು ನಿಶ್ಚಯವಾಗಿ ಹೇಳಿದ. ಕಸಿದಾನು, ಕಸಿಯದೆಯೂ ಇದ್ದಾನು. ಕಸಿದರೆ ಹುಟ್ಟುತ್ತಾನೆ, ಅದರಲ್ಲಿ ಸಂದೇಹವಿಲ್ಲ. ಶಪಿಸುವ ಉದ್ದೇಶವಿದ್ದಿದ್ದರೆ ಲೋಟ್ ‘ಜಾಯತಾಮ್’ ಇತ್ತು, ಆಶೀರ್ಲಿಙ್ ‘ಜನಿಷೀಷ್ಟ’ ಇತ್ತು. ಎರಡೂ ಬರಲಿಲ್ಲ. ಆದ್ದರಿಂದ ಶಾಪಾಶಯ ಎಂಬ ಹೆಸರು ಈ ಶ್ಲೋಕದ ವ್ಯಾಕರಣಕ್ಕೆ ಪೂರ್ತಿ ಒಪ್ಪುವುದಿಲ್ಲ. ದಾನಿ ಯಾರಿಗೂ ಕೇಡು ಬಯಸುತ್ತಿಲ್ಲ, ಕರ್ಮದ ನಿಯಮವೊಂದನ್ನು ಕಲ್ಲಿನ ಮೇಲೆ ನಮೂದಿಸುತ್ತಿದ್ದಾನೆ.

ಶಾಸನಗಳಲ್ಲಿ ಬರುವ ಇನ್ನೊಂದು ಶ್ಲೋಕ ಮೇಲ್ನೋಟಕ್ಕೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಅಲ್ಲಿ ಭೂದಾನಿ ಅರವತ್ತು ಸಾವಿರ ವರ್ಷ ಸ್ವರ್ಗದಲ್ಲಿರುವುದಕ್ಕೆ ಲಟ್ ಬಂದಿದೆ, ಕಸಿದವನೂ ಅದಕ್ಕೆ ಒಪ್ಪಿದವನೂ ಅಷ್ಟೇ ಕಾಲ ನರಕದಲ್ಲಿರುವುದಕ್ಕೆ ‘ವಸೇತ್’ ಎಂದು ವಿಧಿಲಿಙ್ ಬಂದಿದೆ. ಆದರೆ ಇದೂ ಹಾರೈಕೆಯ ರೂಪವಲ್ಲ. ಹಾರೈಕೆಯಾಗಿದ್ದರೆ ‘ಉಷ್ಯಾತ್’ ಆಗಬೇಕಿತ್ತು. ‘ವಸೇತ್’ ಎಂದರೆ ಇರಬೇಕಾಗುತ್ತದೆ, ಇರತಕ್ಕವನು. ದಂಡವನ್ನು ವಿಧಿಸುವ ಸ್ಮೃತಿಯ ದನಿ ಅದು.

ಮುಂದಿನ ಅರಸರನ್ನು ಉದ್ದೇಶಿಸಿ ರಾಮನ ಬಾಯಿಂದ ಹೇಳಿಸಿರುವ ಶ್ಲೋಕದಲ್ಲಿ ಲಿಙ್ ಇಲ್ಲ. ಅಲ್ಲಿ ‘ಪಾಲನೀಯಃ’ ಎಂಬ ಅನೀಯರ್ ಪ್ರತ್ಯಯದ ಕೃತ್ಯರೂಪವೂ ‘ಯಾಚತೇ’ ಎಂಬ ಲಟ್ ರೂಪವೂ ಇವೆ. ಹುಟ್ಟಿಯೇ ಇಲ್ಲದ ಅರಸರಿಗೆ ಆಜ್ಞೆ ಮಾಡುವುದು ಹೇಗೆ? ಕಾಪಾಡತಕ್ಕದ್ದು ಎಂದು ಹೇಳಿ, ರಾಮ ಬೇಡಿಕೊಳ್ಳುತ್ತಾನೆ ಎಂದು ಮುಗಿಸುವುದರಲ್ಲಿ ದೊಡ್ಡ ವಿನಯವಿದೆ.

ಕನ್ನಡದ ಸಾಲುಗಳು

ಸಂಸ್ಕೃತ ಶ್ಲೋಕದ ಪಕ್ಕದಲ್ಲೇ ಕನ್ನಡದ ಶಾಪಾಶಯವೂ ಇರುತ್ತದೆ: ಇದನ್ನು ಅಳಿದವನು ಪಂಚಮಹಾಪಾತಕನು, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಗುರಿ, ಎಂಬಂಥವು. ಇಲ್ಲಿ ಬರುವ ಹಳಗನ್ನಡದ ಕ್ರಿಯಾಪದ ‘ಅಕ್ಕುಂ’. ಆಗುತ್ತದೆ, ಆಗುವುದು ಎಂಬುದು ಅದರ ಅರ್ಥ. ಆಗಲಿ ಎಂದು ಹೇಳುವುದಕ್ಕೆ ಹಳಗನ್ನಡದಲ್ಲಿ ‘ಅಕ್ಕೆ’ ಎಂಬ ಬೇರೆ ರೂಪವೇ ಇತ್ತು. ಕೇಶಿರಾಜ ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ಶಾಸ್ತ್ರಕ್ಕೆ ತಂದದ್ದು ಇಂಥ ಕ್ರಿಯಾರೂಪಗಳನ್ನೇ. ವಿಜಯನಗರ ಕಾಲದ ಶಾಸನಗಳಲ್ಲಿ ಪಾಪಕ್ಕೆ ‘ಹೋಹರು’ ಎಂದಿರುವುದೂ ಭವಿಷ್ಯದ ನಿಶ್ಚಯವೇ. ‘ಅಕ್ಕೆ’ ಇದ್ದೂ ‘ಅಕ್ಕುಂ’ ಆರಿಸಿಕೊಂಡ ಕನ್ನಡ ಬರಹಗಾರ, ‘ಜಾಯತಾಮ್’ ಬಿಟ್ಟು ‘ಜಾಯತೇ’ ಎಂದ ಸಂಸ್ಕೃತ ಶ್ಲೋಕಕಾರ ಇಬ್ಬರೂ ಒಂದೇ ಮನಸ್ಸಿನವರು.

ಜೈನಶಾಸನಗಳ ತಲೆಯಲ್ಲಿ

ಕರ್ನಾಟಕದ ಜೈನಶಾಸನಗಳ ಆರಂಭದಲ್ಲಿ ಸಾಮಾನ್ಯವಾಗಿ ಬರುವ ಜಿನಶಾಸನಸ್ತುತಿಯ ಕ್ರಿಯಾಪದ ‘ಜೀಯಾತ್’. ಜಿ ಧಾತುವಿನ ಆಶೀರ್ಲಿಙ್. ಗೆಲ್ಲಲಿ ಎಂದು ಅರ್ಥ. ಹಾರೈಸಬೇಕಾದಲ್ಲಿ ಆಶೀರ್ಲಿಙ್ ಬಳಸಲು ಶಾಸನಕಾರರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ. ಅದೇ ಸ್ತುತಿಯಲ್ಲಿ ‘ಸ್ಯಾದ್ವಾದ’ ಎಂಬ ಪದವೂ ಇದೆ. ಅದರೊಳಗಿನ ‘ಸ್ಯಾತ್’ ರೂಪದಲ್ಲಿ ಅಸ್ ಧಾತುವಿನ ವಿಧಿಲಿಙ್. ಜೈನ ತಾರ್ಕಿಕರು ಮಾತ್ರ ಅದನ್ನು ಕ್ರಿಯಾಪದವೆನ್ನದೆ, ಒಂದು ದೃಷ್ಟಿಯಿಂದ ಎಂಬರ್ಥದ ನಿಪಾತವೆಂದು ಗ್ರಹಿಸಿದರು. ಬಂಕಾಪುರ ಒಂಬತ್ತನೆಯ ಶತಮಾನದ ಕೊನೆಗಾಗಲೇ ಜೈನವಿದ್ಯೆಯ ನೆಲೆ. ಗುಣಭದ್ರನ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು ಲೋಕಾದಿತ್ಯ ಆಳುತ್ತಿದ್ದ ಈ ಊರಿನಲ್ಲಿ. ಶೈವಶಾಸನಗಳು ‘ನಮಃ’ ಎಂದು ಕ್ರಿಯಾಪದವಿಲ್ಲದೆಯೇ ಆರಂಭವಾಗುತ್ತವೆ.

ಕಲ್ಲುಕುಟಿಗನ ಪಾಠ

ಶಾಸನಗಳಲ್ಲಿ ‘ಹರೇತ’ ಎಂಬುದು ಎಷ್ಟೋ ಕಡೆ ‘ಹರೇತಿ’ ಎಂದು ಕೆತ್ತಲ್ಪಟ್ಟಿದೆ. ಇಂಥ ರೂಪ ಯಾವ ಲಕಾರದಲ್ಲೂ ಇಲ್ಲ. ‘ಹರತಿ’ಯ ಇಕಾರವನ್ನೂ ‘ಹರೇತ’ದ ಏಕಾರವನ್ನೂ ಕೂಡಿಸಿದ ಪದವದು. ಅಶುದ್ಧವೆಂದು ಇದನ್ನು ತಳ್ಳಿಹಾಕುವುದಕ್ಕಿಂತ ಅದು ಏನು ಹೇಳುತ್ತದೆ ಎಂದು ಕೇಳುವುದು ಮೇಲು. ಶ್ಲೋಕ ಪುಸ್ತಕದಿಂದ ಕಲ್ಲಿಗೆ ಇಳಿದದ್ದಲ್ಲ, ಬಾಯಿಂದ ಬಾಯಿಗೆ ಬಂದು ಇಳಿದದ್ದು. ವ್ಯಾಕರಣ ಕಲಿಯದವನಿಗೂ ಅದು ಕಂಠಸ್ಥವಾಗಿತ್ತು. ಅಕ್ಷರಗಳ ಲೆಕ್ಕ ತಪ್ಪಲಿಲ್ಲ, ಕೊನೆಯ ಸ್ವರ ಮಾತ್ರ ಅವನಿಗೆ ಪರಿಚಿತವಾದ ‘ತಿ’ ಕಡೆಗೆ ವಾಲಿತು. ಈ ಶ್ಲೋಕ ವಿದ್ವಾಂಸರ ವಲಯ ದಾಟಿ ಊರಿನ ಬಾಯಿಗೆ ಬಂದಿತ್ತೆಂಬುದಕ್ಕೆ ಈ ತಪ್ಪು ಒಂದು ಸುಳಿವು.

ಅಧ್ಯಯನ

ಧಾತುಗಳ ರೂಪಗಳನ್ನು ಒಂದೊಂದಾಗಿ ಚರ್ಚಿಸುವ ಮಾಧವೀಯ ಧಾತುವೃತ್ತಿ 14ನೆಯ ಶತಮಾನದಲ್ಲಿ ವಿಜಯನಗರದ ಸಾಯಣ ರಚಿಸಿದ ಗ್ರಂಥ. ಸಂಸ್ಕೃತ ವ್ಯಾಕರಣಕ್ಕೆ ಕನ್ನಡನಾಡು ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಅದೊಂದು. ಭಟ್ಟಾಕಳಂಕ 1604ರಲ್ಲಿ ಕರ್ನಾಟಕ ಶಬ್ದಾನುಶಾಸನವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದು ಕನ್ನಡ ಕ್ರಿಯಾಪದವನ್ನು ಪಾಣಿನೀಯ ಪರಿಭಾಷೆಗೆ ತಂದ. ಚೌಡದಾನಪುರದ ಗುಡಿಯನ್ನೂ ಶಾಸನಗಳನ್ನೂ ಕುರಿತು ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಸಿಲ್ವಾಂ ಫಿಲಿಯೋಜಾ ದಂಪತಿ ಪುಸ್ತಕ ಬರೆದಿದ್ದಾರೆ. ಇವರಲ್ಲಿ ಪಿಯರ್ ಸಿಲ್ವಾಂ ಪತಂಜಲಿಯ ಮಹಾಭಾಷ್ಯದ ಭಾಗಗಳನ್ನು ಫ್ರೆಂಚಿಗೆ ಅನುವಾದಿಸಿದ ವೈಯಾಕರಣ.

ಸಂಸ್ಕೃತದ ವಿಧಿವಾಕ್ಯಗಳ ಅರ್ಥ ಸಾಮಾನ್ಯ ಓದುಗರ ಕನ್ನಡಕ್ಕೆ ಬಂದದ್ದು ಮುದ್ರಣ ಬಂದ ಮೇಲೆ. ಅಗಡಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದನ್ನು ನಡೆಸಿದವರು ಗಳಗನಾಥರೆಂದು ನಾಡಿಗೆ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಅವರು ಧರ್ಮದ ಮಾತನ್ನು ಹಳ್ಳಿಯ ಓದುಗನಿಗೆ ತಿಳಿಯುವ ಗದ್ಯದಲ್ಲಿ ಹೇಳುವ ಕೆಲಸಕ್ಕೆ ಬದುಕನ್ನೇ ಸವೆಸಿದರು. ಹಾವೇರಿ ಸೀಮೆಯಲ್ಲಿ ‘ಕುರ್ಯಾತ್’ ಎಂಬುದು ‘ಮಾಡಬೇಕು’ ಎಂದು ಮನೆಮನೆಗೆ ತಲುಪುವುದರಲ್ಲಿ ಇಂಥ ಪತ್ರಿಕೆಗಳ ಪಾಲು ದೊಡ್ಡದು.

ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಇಲ್ಲಿನ ಶಾಸನಗಳನ್ನು ಹುಡುಕುವವರು ಹಳೆಯ ಸಂಪುಟಗಳಲ್ಲಿ ಧಾರವಾಡ ಜಿಲ್ಲೆಯ ಶೀರ್ಷಿಕೆಯಡಿ ನೋಡಬೇಕು. ಶಾಪಾಶಯವನ್ನು ಹೊಸಗನ್ನಡಕ್ಕೆ ತರುವವರು ‘ಹುಳುವಾಗಿ ಹುಟ್ಟಲಿ’ ಎಂದು ಬರೆಯದೆ ‘ಹುಟ್ಟುತ್ತಾನೆ’ ಎಂದು ಬರೆಯಬೇಕು. ತಮ್ಮೂರಿನ ಕಲ್ಲನ್ನು ಓದಿ ನಕಲು ಮಾಡಿಕೊಳ್ಳುವವರು ಕಲ್ಲಿನಲ್ಲಿ ‘ಹರೇತಿ’ ಎಂದು ಕಂಡರೆ ಅದನ್ನು ಹಾಗೆಯೇ ಬರೆದುಕೊಳ್ಳಬೇಕು, ತಿದ್ದಿದ ಪಾಠವನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಬೇಕು.